ಹನ್ನೊಂದೂವರೆಗೆ ಊಟಕ್ಕೆ ಕೂತರೆ ಪ್ರಾಗ್ ಸಿಗುತ್ತದೆ

ಪ್ರಶ್ನೆ: ಮಗ ಪ್ರಾಗ್‌ನಲ್ಲಿ ಕೆಲಸದಲ್ಲಿದ್ದಾನೆ. ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಮೂರು ವಾರ ಅಲ್ಲಿರುತ್ತೇವೆ. ಗಡಿಯಾರ, ಸೇತುವೆ ಎಲ್ಲ ಅವನು ತೋರಿಸುತ್ತಾನೆ. ನಮಗೆ ಅಲ್ಲಿಯವರು ತಿನ್ನುವುದನ್ನು ತಿನ್ನಬೇಕು, ಅವರ ಹಾಗೆ ಒಂದು ದಿನ ಕಳೆಯಬೇಕು ಅಂತ ಆಸೆ. ಮಾಂಸ ತಿನ್ನುವುದಿಲ್ಲ, ಮೊಟ್ಟೆ ನಡೆಯುತ್ತದೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊಟ್ಟೆ ನಡೆಯುತ್ತದೆ ಅಂದಿರಲ್ಲ, ಅರ್ಧ ಗೆದ್ದಿರಿ. ನಾನು ಅದೇ ಝೆಕ್ ದೇಶದ ಬ್ರನೋ ಊರಿನಲ್ಲಿ ಆರು ವರ್ಷ ಇದ್ದೆ. ಮೊದಲ ವಾರವೇ ಒಂದು ಹೋಟೆಲಿನಲ್ಲಿ 'ಬೆಝ್ ಮಸಾ', ಅಂದರೆ ಮಾಂಸ ಬೇಡ, ಅಂತ ಹೇಳಿ ಸೂಪ್ ತರಿಸಿಕೊಂಡೆ. ತಳದಲ್ಲಿ ಹ್ಯಾಮ್ ಚೂರುಗಳು! ಕೇಳಿದರೆ, 'ಅದು ಸ್ವಲ್ಪವೇ' ಅಂದರು. ಆದ್ದರಿಂದ ಎರಡು ಸಲ ಕೇಳಿ. ಸೂಪಿಗೆ ಮೂಳೆ ಬೇಯಿಸಿದ ನೀರೇ ಜಾಸ್ತಿ, ಕರಿಯಲು ಹಂದಿಯ ಕೊಬ್ಬೂ ಬಳಸುತ್ತಾರೆ. ಅದಕ್ಕೆ 'ಸಾದ್ಲೊ' ಅನ್ನುತ್ತಾರೆ. ಈ ಒಂದು ಪದ ಬಾಯಿಪಾಠ ಮಾಡಿಕೊಳ್ಳಿ.

ಹಳೇ ಪೇಟೆಯಲ್ಲಿ ಕೋಲಿಗೆ ಸುತ್ತಿ ಸುಡುವ ಸಿಹಿ ಸುರುಳಿ, ಟ್ರ್ಡೆಲ್ನಿಕ್, ಕಾಣಿಸುತ್ತದೆ. ತಿನ್ನಿ, ಬೇಡ ಅನ್ನುವುದಿಲ್ಲ. ಆದರೆ ಅದು ಪ್ರವಾಸಿಗರಿಗಾಗಿ ಬೆಳೆದ ವ್ಯಾಪಾರ. ನನ್ನ ಜೊತೆ ಕೆಲಸ ಮಾಡುತ್ತಿದ್ದವರ ಮನೆಗಳಲ್ಲಿ ಒಮ್ಮೆಯೂ ಕಂಡಿಲ್ಲ.

ಅವರ ನಿಜವಾದ ಊಟ ನೋಡಬೇಕಾದರೆ ಕೆಲಸದ ದಿನ ಹನ್ನೊಂದೂವರೆಗೆ ಮಗನ ಆಫೀಸಿನ ಹತ್ತಿರದ ಸಾದಾ ಪಬ್‌ಗೆ ಹೋಗಿ. ಹನ್ನೊಂದರಿಂದ ಎರಡರವರೆಗೆ ಸಾಮಾನ್ಯವಾಗಿ 'ಪೊಲೆದ್ನಿ ಮೆನು', ಅಂದರೆ ಮಧ್ಯಾಹ್ನದ ಊಟದ ಪಟ್ಟಿ, ಇರುತ್ತದೆ. ದಿನಕ್ಕೆ ಮೂರು ನಾಲ್ಕು ಅಡುಗೆ, ಹಲಗೆ ಮೇಲೆ ಬರೆದಿರುತ್ತಾರೆ. ನಿಮಗೆ ಸ್ಮಾಝೆನಿ ಸೀರ್ ಇದೆ: ಚೀಸಿನ ದಪ್ಪ ಬಿಲ್ಲೆಗೆ ಬ್ರೆಡ್ ಪುಡಿ ಹಚ್ಚಿ ಕರಿದದ್ದು. ಆಲೂಗಡ್ಡೆ ತುರಿದು ಬೆಳ್ಳುಳ್ಳಿ ಹಾಕಿ ಮಾಡುವ ಬ್ರಂಬೊರಾಕ್ ಇದೆ, ನಮ್ಮ ರೊಟ್ಟಿಯ ನೆಂಟ. ನನಗೆ ಇಷ್ಟವಾದದ್ದು ಮಾತ್ರ ಹಣ್ಣಿನ ಕ್ನೆಡ್ಲೀಕಿ. ಇಡೀ ಪ್ಲಮ್ ಹಣ್ಣನ್ನು ಹಿಟ್ಟಿನೊಳಗೆ ಮುಚ್ಚಿ ನೀರಿನಲ್ಲಿ ಬೇಯಿಸಿ, ಮೇಲೆ ಬೆಣ್ಣೆ, ಸಕ್ಕರೆ, ಮೊಸರುಗಿಣ್ಣು ಉದುರಿಸುತ್ತಾರೆ. ಸೆಪ್ಟೆಂಬರ್ ಪ್ಲಮ್ ಕಾಲವೇ. ಅದು ಊಟದ ನಂತರದ ಸಿಹಿಯಲ್ಲ, ಅದೇ ಊಟ! ಹೋಳಿಗೆ ದಿನ ಅನ್ನ ಮುಟ್ಟದವರಿಗೆ ಇದು ಅರ್ಥವಾಗುತ್ತದೆ, ಅಲ್ವಾ? ಕುಡಿಯಲು ಕೊಫೊಲಾ ಕೇಳಿ. ಕೋಲಾದಂತೆ ಕಪ್ಪು, ಆದರೆ ಜ್ಯೇಷ್ಠಮಧುವಿನ ರುಚಿ ತಾಕುತ್ತದೆ.

ಇನ್ನು ರಜೆ ದಿನ. ಶನಿವಾರ ಬೆಳಿಗ್ಗೆ ಪ್ರಾಗ್‌ನಿಂದ ರೈಲು ಹತ್ತಿ, ಸುಮಾರು ನಲವತ್ತು ನಿಮಿಷಕ್ಕೆ ಕಾರ್ಲ್‌ಶ್ಟೈನ್‌. 1348ರಲ್ಲಿ ಅಲ್ಲಿಯ ರಾಜ ನಾಲ್ಕನೇ ಚಾರ್ಲ್ಸ್ ಶುರು ಮಾಡಿದ ಕೋಟೆ. ಎಲ್ಲರೂ ಕೋಟೆ ನೋಡಿ ವಾಪಸ್ ಬರುತ್ತಾರೆ. ನೀವು ಅಲ್ಲಿಂದ ಕಾಡಿಗೆ ಇಳಿಯಿರಿ. ಮರದ ಮೇಲೆ ಮೂರು ಪಟ್ಟಿ ಬಳಿದಿರುತ್ತದೆ, ಮೇಲೆ ಕೆಳಗೆ ಬಿಳಿ, ನಡುವೆ ಕೆಂಪು. ಅದನ್ನು ಹಿಡಿದು ಹೋದರೆ ದಾರಿ ತಪ್ಪುವ ಮಾತೇ ಇಲ್ಲ. ಈ ಗುರುತು ಹಾಕುವ ನಡಿಗೆಯವರ ಸಂಘ 1888ರಲ್ಲಿ ಶುರುವಾದದ್ದು, ದೇಶದ ತುಂಬ 40,000 ಕಿ.ಮೀ.ಗೂ ಜಾಸ್ತಿ ಹಾದಿಗೆ ಹೀಗೆ ಬಣ್ಣ ಹಚ್ಚಿಟ್ಟಿದ್ದಾರೆ. ಮಂಡಿ ನೋವಿದ್ದರೆ ಒಂದು ಗಂಟೆ ನಡೆದು ತಿರುಗಿ ಬನ್ನಿ.

ಆ ಕಾಡಿನಲ್ಲಿ ಬುಟ್ಟಿ ಹಿಡಿದ ಅಜ್ಜ-ಅಜ್ಜಿಯರು ಸಿಗುತ್ತಾರೆ, ಅಣಬೆಗೆ ಬಂದವರು. ನಾನು ತೀರ್ಥಹಳ್ಳಿ ಕಡೆಯವಳು, ಮೊದಲ ಮಳೆ ನಿಂತ ಮೇಲೆ ನಮ್ಮಲ್ಲೂ ಇದೇ ಹುಚ್ಚು. ಜಾಗ ಮಾತ್ರ ಯಾರೂ ಹೇಳುವುದಿಲ್ಲ, ಅಲ್ಲೂ ಅಷ್ಟೇ. ನೋಡಿ, ಮಾತಾಡಿಸಿ, ಆದರೆ ನೀವಾಗಿ ಕಿತ್ತು ತಿನ್ನಬೇಡಿ. ಪ್ರಾಣ ತೆಗೆಯುವ ಜಾತಿಯೂ ಅದೇ ಕಾಡಿನಲ್ಲಿದೆ. ಎದುರು ಸಿಕ್ಕವರಿಗೆ 'ದೊಬ್ರಿ ದೆನ್' (ನಮ್ಮ ನಮಸ್ಕಾರದ ಹಾಗೆ) ಅಂದರೆ ಸಾಕು, ಉತ್ತರ ಬಂದೇ ಬರುತ್ತದೆ. ಲಿಫ್ಟಿನಲ್ಲೂ ಸುಮ್ನೆ ನಿಲ್ಲಬೇಡಿ, ಹೇಳಿ.

ಪ್ರಶ್ನೆ: ಮಗನ ನೆರೆಯವರು ಚಹಾಕ್ಕೆ ಕರೆದರೆ ಏನು ಒಯ್ಯಬೇಕು?
– ಅದೇ ಓದುಗರು

ಉತ್ತರ: ಹೂವು. ಎಣಿಸಿ ತಗೊಳ್ಳಿ: ಮೂರು, ಐದು ಆಗಬೇಕು. ಸಮ ಸಂಖ್ಯೆ ಸಾವಿನ ಮನೆಗೆ. ಬಾಗಿಲಲ್ಲೇ ಶೂ ಬಿಚ್ಚಬೇಕು, ಇದು ನಮಗೇನು ಹೊಸದಲ್ಲ. ಒಳಗೆ ಹಾಕಿಕೊಳ್ಳಲು ಅವರೇ ಮನೆಚಪ್ಪಲಿ ಕೊಡುತ್ತಾರೆ, ಬೇಡ ಅನ್ನಬೇಡಿ. ನನಗೆ ಸಿಕ್ಕಿದ್ದು ಆ ಮನೆಯ ಮಗನದು, ಎರಡು ಸೈಜು ದೊಡ್ಡದು. ಸೀರೆ ಎತ್ತಿ ಹಿಡಿದು ಸೋಫಾವರೆಗೆ ಎಳೆದುಕೊಂಡೇ ಹೋದೆ.