ಹೊಟ್ಟೆ ಕ್ಯಾನ್ಸರ್ ಸಂಶೋಧನೆಗೆ ಸೀಡ್ ಫಂಡ್: ಅರ್ಜಿಗೆ ಮುಂಚೆ ರೋಗಿಗಳನ್ನು ಎಣಿಸಿ

ನೀವು ಕೇಳಿದ್ದು: ಆರಂಭದ ಹಂತದ ಹೊಟ್ಟೆ ಕ್ಯಾನ್ಸರ್‌ಗೆ ಯಾವ ಔಷಧಿ ನಾಟುತ್ತದೆ ಎಂದು ರೋಗಿಯ ಅಂಗಾಂಶದಿಂದ ಲ್ಯಾಬಿನಲ್ಲಿ ಬೆಳೆಸಿದ ಪುಟ್ಟ ಕೋಶಗುಚ್ಛಗಳಾದ ಆರ್ಗನಾಯ್ಡ್‌ಗಳ ಮೇಲೆ ನೋಡಬೇಕು, ಬೆಂಗಳೂರಿನಲ್ಲಿ ಹೊಸ ಕಂಪನಿ ಇದೆ, ಮೊದಲ ದುಡ್ಡು ಎಲ್ಲಿ ಸಿಗುತ್ತದೆ?

ನಿಮ್ಮ ಅಳತೆಗೆ ಸರಿಹೊಂದುವುದು ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಸಂಸ್ಥೆ ಬೈರಾಕ್ (BIRAC) ಕೊಡುವ ಬಿಗ್ (BIG) ಅನುದಾನ. 50 ಲಕ್ಷ ರೂಪಾಯಿವರೆಗೆ, 18 ತಿಂಗಳಿಗೆ. ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈನಲ್ಲಿ ಅರ್ಜಿ ಕರೆಯುತ್ತಾರೆ. ಬೆಂಗಳೂರಿನಲ್ಲಿ ಸಿ-ಕ್ಯಾಂಪ್ (C-CAMP) ಎಂಬ ಜೀವವಿಜ್ಞಾನ ಕೇಂದ್ರ ಇದರ ಪಾಲುದಾರ. ಷೇರು ಕೇಳುವುದಿಲ್ಲ, ಹಣ ಮಾತ್ರ ಕಂತಿನಲ್ಲಿ ಬರುತ್ತದೆ, ಹಿಂದಿನ ಮೈಲಿಗಲ್ಲು ಮುಟ್ಟಿದ ಮೇಲೆ. 2021ರಲ್ಲಿ ಶುರುವಾದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ ಇನ್‌ಕ್ಯುಬೇಟರ್ (ಹೊಸ ಕಂಪನಿಗಳಿಗೆ ಆಸರೆ ಕೊಡುವ ಕೇಂದ್ರ) ಮೂಲಕ 20 ಲಕ್ಷದವರೆಗೆ ಅನುದಾನವಿತ್ತು, ಕಂಪನಿಗೆ ಎರಡು ವರ್ಷ ದಾಟಿರಬಾರದು ಎಂಬ ಷರತ್ತಿನ ಮೇಲೆ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ನಿಮ್ಮ ಇನ್‌ಕ್ಯುಬೇಟರ್‌ನಲ್ಲೇ ವಿಚಾರಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಬಾಗಿಲು ಮುಖ್ಯವಾಗಿ ಸಂಸ್ಥೆಗಳಲ್ಲಿ ಖಾಯಂ ಹುದ್ದೆ ಇರುವವರಿಗೆ. ಅಲ್ಲಿಗೆ ಹೋಗುವುದಾದರೆ ಮೆಡಿಕಲ್ ಕಾಲೇಜಿನ ವೈದ್ಯರೊಬ್ಬರನ್ನು ಮುಖ್ಯ ಸಂಶೋಧಕರಾಗಿ ಮುಂದಿಡಿ.

ಆದರೆ ಇಂಥ ಯೋಜನೆ ಕುಸಿಯುವುದು ದುಡ್ಡಿಲ್ಲದೆ ಅಲ್ಲ, ಅಂಗಾಂಶವಿಲ್ಲದೆ. ನಮ್ಮಲ್ಲಿ ಹೊಟ್ಟೆ ಕ್ಯಾನ್ಸರ್ ಬಹುಪಾಲು ಪತ್ತೆಯಾಗುವುದೇ ಮುಂದುವರಿದ ಹಂತದಲ್ಲಿ. ಜಪಾನ್, ಕೊರಿಯಾದ ಹಾಗೆ ಒಂದು ವಯಸ್ಸು ದಾಟಿದವರಿಗೆಲ್ಲ ಎಂಡೋಸ್ಕೋಪಿ ತಪಾಸಣೆ ಇಲ್ಲಿಲ್ಲ. ಅಲ್ಲಿನ ಪ್ರಬಂಧ ಓದಿ ‘ಆರಂಭದ ಹಂತದ 100 ರೋಗಿಗಳು’ ಎಂದು ಬರೆದರೆ ಪರಿಶೀಲಕರು ಆ ಸಾಲಿನಲ್ಲೇ ಪೆನ್ ಇಡುತ್ತಾರೆ.

ಸಿಕ್ಕ ಕೆಲವೇ ರೋಗಿಗಳಲ್ಲೂ ತೊಡಕಿದೆ. ಗೆಡ್ಡೆ ಮೇಲ್ಪದರಕ್ಕೆ ಸೀಮಿತವಾಗಿ, ಹುಣ್ಣಿಲ್ಲದೆ, 2 ಸೆಂ.ಮೀ. ಒಳಗಿದ್ದು, ಕೋಶಗಳು ಚೆನ್ನಾಗಿ ವಿಭೇದಿತವಾಗಿದ್ದರೆ (ಸಹಜ ಕೋಶಗಳನ್ನೇ ಹೋಲುತ್ತಿದ್ದರೆ) ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿನಿಂದಲೇ ಕತ್ತರಿಸಿ ತೆಗೆಯುತ್ತಾರೆ, ಇದಕ್ಕೆ ಇಎಸ್‌ಡಿ ಎನ್ನುತ್ತಾರೆ. ಆ ತುಂಡನ್ನು ಹಲಗೆಯ ಮೇಲೆ ಹರಡಿ, ಸುತ್ತ ಪಿನ್ನು ಚುಚ್ಚಿ, ಫಾರ್ಮಾಲಿನ್‌ಗೆ ಹಾಕಿ, 2-3 ಮಿ.ಮೀ. ಹೋಳು ಮಾಡಿ ಅಂಚು ನೋಡುತ್ತಾರೆ. ಅದರಿಂದ ನಿಮಗೊಂದು ಚೂರು ಹಸಿಯಾಗಿ ಕೊಡಿ ಎಂದರೆ ಪೆಥಾಲಜಿಸ್ಟ್ ಒಪ್ಪುವುದಿಲ್ಲ, ಒಪ್ಪಲೂಬಾರದು. ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ ಎಂಬ ಲೆಕ್ಕವೇ ತಪ್ಪುತ್ತದೆ. ಹಾಗಾಗಿ ರೋಗನಿರ್ಣಯದ ಎಂಡೋಸ್ಕೋಪಿಯಲ್ಲೇ, ಆಸ್ಪತ್ರೆಗೆ ಬೇಕಾದ ಬಯಾಪ್ಸಿ ಆದಮೇಲೆ ಎರಡು ಹೆಚ್ಚುವರಿ ಚೂರು ತೆಗೆಯಲು ಒಪ್ಪಿಗೆ ಪಡೆಯಿರಿ.

ಆ ಚೂರು ಅಕ್ಕಿಕಾಳಿಗಿಂತ ಸಣ್ಣದು. ಆ್ಯಂಟಿಬಯಾಟಿಕ್ ಬೆರೆಸಿದ ತಣ್ಣನೆ ಮೀಡಿಯಂನಲ್ಲಿ, ಐಸ್ ಮೇಲಿಟ್ಟು ಅದೇ ದಿನ ಲ್ಯಾಬಿಗೆ ತನ್ನಿ. ಹೊಟ್ಟೆಯ ಅಂಗಾಂಶವಾದ್ದರಿಂದ ಬ್ಯಾಕ್ಟೀರಿಯಾ, ಯೀಸ್ಟ್ ಕಾಟ ಇದ್ದದ್ದೇ. ಅದಕ್ಕಿಂತ ಕೆಟ್ಟದ್ದು, ಕಲ್ಚರ್‌ನಲ್ಲಿ ಮಾಮೂಲಿ ಕೋಶಗಳು ಕ್ಯಾನ್ಸರ್ ಕೋಶಗಳನ್ನು ಹಿಂದೆ ಹಾಕಿ ಬೆಳೆದುಬಿಡುತ್ತವೆ. ತಿಂಗಳುಗಟ್ಟಲೆ ಔಷಧಿ ಪರೀಕ್ಷಿಸಿದ್ದು ಆರೋಗ್ಯವಂತ ಜಠರದ ಮೇಲೆ ಎಂದು ಆಮೇಲೆ ಗೊತ್ತಾಗುತ್ತದೆ. ಟಿಪಿ53 ಎಂಬ ಜೀನ್‌ನಲ್ಲಿ ರೂಪಾಂತರವಿರುವ ಗೆಡ್ಡೆಗಾದರೆ, ಮಾಮೂಲಿ ಕೋಶಗಳ ಬೆಳವಣಿಗೆ ತಡೆಯುವ ನಟ್ಲಿನ್-3 ಎಂಬ ರಾಸಾಯನಿಕ ಹಾಕಿ ಸೋಸಬಹುದು. ಉಳಿದವಕ್ಕೆ ಸೀಕ್ವೆನ್ಸಿಂಗ್ ಮಾಡಿಸಿ, ಅಂದರೆ ಡಿಎನ್‌ಎ ಓದಿಸಿ, ಮೂಲ ಗೆಡ್ಡೆಯ ಜೊತೆ ತಾಳೆ ನೋಡಲೇಬೇಕು. ಆ ಖರ್ಚನ್ನು ಬಜೆಟ್‌ನ ಮೊದಲ ಕಂತಿಗೇ ಸೇರಿಸಿ.

ಬಜೆಟ್ ಅಂದಮೇಲೆ: ಜೆಆರ್‌ಎಫ್ (ಕಿರಿಯ ಸಂಶೋಧಕರ ವೇತನ) ದರ ತಿಂಗಳಿಗೆ 37,000 ರೂಪಾಯಿ. ಇಬ್ಬರಿಗೆ 18 ತಿಂಗಳಿಗೆ 13,32,000, ಮನೆ ಬಾಡಿಗೆ ಭತ್ಯೆ ಬೇರೆ. ನಾನಾದರೆ ದೊಡ್ಡ ಯಂತ್ರ ಒಂದನ್ನೂ ಕೊಳ್ಳುವುದಿಲ್ಲ, ಹಂಚಿಕೆಯ ಸೌಲಭ್ಯಕ್ಕೆ ಬಾಡಿಗೆ ಕಟ್ಟುತ್ತೇನೆ. ಆರ್ಗನಾಯ್ಡ್‌ಗೆ ಆಸರೆಯಾಗುವ ಮ್ಯಾಟ್ರಿಜೆಲ್ ಎಂಬ ಜೆಲ್, ಅದನ್ನು ಬೆಳೆಸುವ ಪ್ರೋಟೀನ್‌ಗಳಾದ ಗ್ರೋತ್ ಫ್ಯಾಕ್ಟರ್‌ಗಳಿಗೆ ಕೈ ಬಿಗಿ ಹಿಡಿಯಬೇಡಿ. ಮ್ಯಾಟ್ರಿಜೆಲ್ ಕೋಣೆಯ ಬಿಸಿಗೇ ಗಟ್ಟಿಯಾಗುವ ವಸ್ತು. ದಾರಿಯಲ್ಲಿ ಡ್ರೈ ಐಸ್ ಮುಗಿದರೆ ಇಡೀ ಪೆಟ್ಟಿಗೆ ಹಾಳು. ಬಾಟಲಿ ಬಂದ ದಿನವೇ ಐಸ್ ಮೇಲೆ ಕರಗಿಸಿ, ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿಟ್ಟುಕೊಳ್ಳಿ.

18 ತಿಂಗಳಲ್ಲಿ ಒಂದೇ ಪ್ರಶ್ನೆಗೆ ಉತ್ತರ ಹುಡುಕಿ: ‘ಬಂದ ಬಯಾಪ್ಸಿಗಳಲ್ಲಿ ಎಷ್ಟು ಪಾಲು ನಿಜವಾದ ಕ್ಯಾನ್ಸರ್ ಆರ್ಗನಾಯ್ಡ್ ಆಗುತ್ತದೆ?’ ಸಾಕು. ಔಷಧಿ ಪರೀಕ್ಷೆ ಮುಂದಿನ ಹಣಕ್ಕೆ. ಮುಂದುವರಿದ ಹಂತದ ಅಂಗಾಂಶದಲ್ಲಿ ವಿಧಾನ ಪಳಗಿಸಿ, ಆರಂಭದ ಹಂತದವು ಸಿಕ್ಕಷ್ಟು ಸೇರಿಸುತ್ತೇವೆ ಎಂದು ನೇರವಾಗಿ ಬರೆಯಿರಿ.

ಅರ್ಜಿಯ ಜೊತೆ ಎರಡು ಕಾಗದ ಇರಲಿ: ಕಳೆದ ಎರಡು ವರ್ಷದಲ್ಲಿ ಎಷ್ಟು ಹೊಟ್ಟೆ ಕ್ಯಾನ್ಸರ್ ಬಂತು, ಅದರಲ್ಲಿ ಎಷ್ಟು ಆರಂಭದ್ದು ಎಂದು ಆಸ್ಪತ್ರೆ ಸಹಿ ಮಾಡಿದ ಪತ್ರ, ಅಂಗಾಂಶ ಕಂಪನಿಗೆ ಹೋಗುವ ಕರಾರಿನ ಕರಡು. ಒಪ್ಪಿಗೆ ಪತ್ರದಲ್ಲಿ ‘ಕಂಪನಿಗೆ ಲಾಭವಾಗಬಹುದು’ ಎಂಬ ಮಾತು ಸ್ಪಷ್ಟವಾಗಿರಬೇಕು. ಕನ್ನಡದಲ್ಲಷ್ಟೇ ಇದ್ದರೆ ಸಾಲದು. ಬೆಂಗಳೂರಿನ ಆಸ್ಪತ್ರೆಗಳಿಗೆ ಆಂಧ್ರ, ತಮಿಳುನಾಡು, ಬಂಗಾಳದಿಂದಲೂ ಜನ ಬರುತ್ತಾರೆ. ಅನುವಾದವಿಲ್ಲದ ಫೈಲನ್ನು ನೈತಿಕ ಸಮಿತಿ ವಾಪಸ್ ಕಳಿಸಿದರೆ ಮುಂದಿನ ಸಭೆಯವರೆಗೆ ಕಾಯಬೇಕು. ಜುಲೈ ಕರೆಗೆ ಹಾಕುವುದಾದರೆ ಮಾರ್ಚ್‌ನಲ್ಲೇ ಆ ಫೈಲ್ ಒಳಗೆ ಹೋಗಿರಲಿ.