ಭ್ರೂಣದ ಹೃದಯಕ್ಕೆ ಮಿಡಿತ ಎಲ್ಲಿಂದ ಬರುತ್ತದೆ?

ಪ್ರಶ್ನೆ: ನರಮಂಡಲ ಪೂರ್ಣವಾಗಿ ರೂಪುಗೊಳ್ಳುವ ಮೊದಲೇ ಭ್ರೂಣದ ಹೃದಯ ಬಡಿಯತೊಡಗುತ್ತದೆ ಎಂದು ಓದಿದ್ದೇನೆ. ಹಾಗಾದರೆ ಆ ಬಡಿತ ಎಲ್ಲಿ ಹುಟ್ಟುತ್ತದೆ? ಹೃದಯದೊಳಗಿನ ವಿದ್ಯುತ್ ವ್ಯವಸ್ಥೆ ಹೇಗೆ ಸಿದ್ಧವಾಗುತ್ತದೆ? ನನ್ನ ತಂಗಿ ಈಗ ಐದೂವರೆ ತಿಂಗಳ ಗರ್ಭಿಣಿ. ಮಗುವಿಗೆ ‘ಹಾರ್ಟ್ ಬ್ಲಾಕ್’ ಇದೆ ಎಂದು ವೈದ್ಯರು ಹೇಳಿದ್ದಾರೆ. ಇನ್ನೂ ಹುಟ್ಟದ ಮಗುವಿನ ರಕ್ತನಾಳವೂ ಕಟ್ಟಿಕೊಳ್ಳುತ್ತದೆಯೇ?

ಉತ್ತರ: ಮೊದಲು ನಿಮ್ಮ ಆತಂಕದ ಮಾತು. ಮಗುವಿನ ರಕ್ತನಾಳ ಕಟ್ಟಿಕೊಂಡಿಲ್ಲ. ‘ಬ್ಲಾಕ್’ ಎಂಬ ಒಂದೇ ಪದವನ್ನು ಎರಡು ಬೇರೆ ಬೇರೆ ತೊಂದರೆಗಳಿಗೆ ಬಳಸುವುದರಿಂದ ಈ ಗೊಂದಲ ಹುಟ್ಟುತ್ತದೆ. ಇಲ್ಲಿ ತಡೆಯಾಗಿರುವುದು ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳಿಂದ ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳಿಗೆ ಸಾಗಬೇಕಾದ ವಿದ್ಯುತ್ ಸಂಕೇತ. ಅದು ಏಕೆ ನಿಲ್ಲುತ್ತದೆ ಎಂಬುದನ್ನು ತಿಳಿಯಲು ಆ ದಾರಿ ಮೂಡಿದ ಬಗೆಯನ್ನು ನೋಡಬೇಕು.

ಗರ್ಭಧಾರಣೆಯಾದ ಸುಮಾರು 22ನೆಯ ದಿನಕ್ಕೆ ಮಾನವ ಭ್ರೂಣದ ಹೃದಯ ಮಿಡಿಯತೊಡಗುತ್ತದೆ. ಆಗ ಅದಕ್ಕೆ ನಾಲ್ಕು ಕೋಣೆಗಳಿರುವುದಿಲ್ಲ, ಕವಾಟಗಳಿರುವುದಿಲ್ಲ, ನರಗಳ ಸಂಪರ್ಕವೂ ಇರುವುದಿಲ್ಲ. ಇರುವುದು ಸ್ನಾಯುಕೋಶಗಳಿಂದಾದ ಒಂದು ಪುಟ್ಟ ನಳಿಕೆ ಮಾತ್ರ. ಆ ಕೋಶಗಳೆಲ್ಲಕ್ಕೂ ತಾವಾಗಿಯೇ ಮಿಡಿಯುವ ಗುಣವಿದೆ. ಕೋಶಪೊರೆಯ ಮೂಲಕ ವಿದ್ಯುದಂಶವುಳ್ಳ ಅಯಾನುಗಳು ಮೆಲ್ಲಗೆ ಒಳಸೋರಿ, ವಿದ್ಯುದ್ವಿಭವ ಒಂದು ಮಟ್ಟ ಮುಟ್ಟಿದೊಡನೆ ಕೋಶ ಪ್ರಚೋದನೆಗೊಂಡು ಸಂಕುಚಿಸುತ್ತದೆ. ರಕ್ತ ಒಳಬರುವ ತುದಿಯ ಕೋಶಗಳು ಉಳಿದವಕ್ಕಿಂತ ಬೇಗ ಆ ಮಟ್ಟ ಮುಟ್ಟುವುದರಿಂದ ಇಡೀ ನಳಿಕೆ ಅವುಗಳ ಲಯವನ್ನೇ ಅನುಸರಿಸುತ್ತದೆ, ಅಲೆ ನಿಧಾನವಾಗಿ ಇನ್ನೊಂದು ತುದಿಯತ್ತ ಸಾಗುತ್ತದೆ. ಕೋಳಿಮರಿಯ ಭ್ರೂಣದಲ್ಲಿ ಹೃದಯದ ಮೊದಲ ಕುಗ್ಗುವಿಕೆ ಕಣ್ಣಿಗೆ ಬೀಳುವ ಮೊದಲೇ ವಿದ್ಯುತ್ ಚಟುವಟಿಕೆ ಶುರುವಾಗಿರುತ್ತದೆ ಎಂಬುದನ್ನು ಜಪಾನಿನ ಕಾಮಿನೊ ಮತ್ತು ಸಂಗಡಿಗರು 1981ರಲ್ಲಿ, ವಿಭವಕ್ಕೆ ಸ್ಪಂದಿಸುವ ವಿಶೇಷ ಬಣ್ಣಗಳ ನೆರವಿನಿಂದ ತೋರಿಸಿಕೊಟ್ಟರು.

ಮುಂದಿನದು ನನ್ನ ಮಟ್ಟಿಗೆ ಈ ವಿಷಯದ ಅತ್ಯಂತ ಸುಂದರ ಭಾಗ. ಕಟ್ಟಿ ಮುಗಿಸಿದ ಮನೆಗೆ ತಂತಿ ಎಳೆದಂತೆ ಸಿದ್ಧ ಹೃದಯಕ್ಕೆ ಈ ವ್ಯವಸ್ಥೆಯನ್ನು ಜೋಡಿಸಲಾಗುತ್ತದೆ ಎಂದು ನಾವು ಸಹಜವಾಗಿ ಊಹಿಸುತ್ತೇವೆ. ನಡೆಯುವುದು ಬಹುಮಟ್ಟಿಗೆ ತದ್ವಿರುದ್ಧ. ನಳಿಕೆ ಮಡಿಚಿಕೊಂಡು ಅದರ ಹೊರಬಾಗಿನ ಭಾಗಗಳು ಉಬ್ಬಿ ಕೋಣೆಗಳಾಗುವಾಗ, ಅಲ್ಲಿನ ಕೋಶಗಳು ತಾವಾಗಿ ಮಿಡಿಯುವ ಗುಣವನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟು, ಬಲವಾಗಿ ಸಂಕುಚಿಸುವುದನ್ನೂ ಸಂಕೇತವನ್ನು ವೇಗವಾಗಿ ದಾಟಿಸುವುದನ್ನೂ ಕಲಿಯುತ್ತವೆ. ಕೆಲವು ಕಡೆ ಮಾತ್ರ ಟಿಬಿಎಕ್ಸ್-3 ಮುಂತಾದ ಜೀನ್‌ಗಳು ಈ ಬದಲಾವಣೆಯನ್ನು ತಡೆಹಿಡಿಯುತ್ತವೆ. ಹಾಗೆ ಹಳೆಯ ಸ್ವಭಾವವನ್ನು ಉಳಿಸಿಕೊಂಡ ಅಂಗಾಂಶವೇ ಬಲ ಹೃತ್ಕರ್ಣದ ಬಾಯಲ್ಲಿ ಲಯ ಹುಟ್ಟಿಸುವ ಸೈನಸ್ ಗಂಟಾಗುತ್ತದೆ. ಎಡಭಾಗದಲ್ಲಿ ಅಂಥದೇ ಗಂಟು ಮೂಡದಂತೆ ಪಿಐಟಿಎಕ್ಸ್-2 ಎಂಬ ಜೀನ್ ನೋಡಿಕೊಳ್ಳುತ್ತದೆ. ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಕಾಲುವೆಯೂ ಹೀಗೆಯೇ ನಿಧಾನಗತಿಯಲ್ಲಿ ಉಳಿಯುತ್ತದೆ. ಹೃತ್ಕರ್ಣ ಕುಗ್ಗಿ ರಕ್ತ ಕೆಳಗಿಳಿದ ಮೇಲಷ್ಟೇ ಹೃತ್ಕುಕ್ಷಿ ಕುಗ್ಗಬೇಕಲ್ಲವೇ? ಆ ಅಂತರವನ್ನು, ನಿಜವಾದ ಕವಾಟಗಳು ಬರುವ ಮೊದಲೇ, ಈ ಕಾಲುವೆ ಒದಗಿಸುತ್ತದೆ. ಮೇಲಿನಿಂದ ಬಂದ ಸಂಕೇತವನ್ನು ತುಸು ತಡೆದು ಕೆಳಕ್ಕೆ ದಾಟಿಸುವ ಎವಿ ಗಂಟು ಅದರಿಂದಲೇ ರೂಪುಗೊಳ್ಳುತ್ತದೆ.

ಕಾಲಕ್ರಮೇಣ ಮೇಲಿನ ಮತ್ತು ಕೆಳಗಿನ ಸ್ನಾಯುಗಳ ನಡುವೆ ವಿದ್ಯುತ್ತನ್ನು ಬಿಡದ ನಾರಿನ ಪದರ ಬೆಳೆದು, ಅದನ್ನು ದಾಟಲು ಹಿಸ್ ಕಟ್ಟು ಎಂಬ ಒಂದೇ ದಾರಿ ಉಳಿಯುತ್ತದೆ. ನರಗಳು ತಲುಪುವ ಮೊದಲೇ ಹೃದಯ ಮಿಡಿಯುವುದು ಹೇಗೆಂದು ಭ್ರೂಣಗಳಲ್ಲಿ ಹುಡುಕುತ್ತಿದ್ದ ಕಿರಿಯ ವಿಲ್ಹೆಲ್ಮ್ ಹಿಸ್ ಅದನ್ನು 1893ರಲ್ಲಿ ವಿವರಿಸಿದರು. ಎಲ್ಲಾದರೂ ಒಂದು ಸ್ನಾಯು ಎಳೆ ಆ ಪದರದಲ್ಲಿ ಹಾಗೆಯೇ ಉಳಿದುಬಿಟ್ಟರೆ ಸಂಕೇತ ಅಡ್ಡದಾರಿ ಹಿಡಿಯುತ್ತದೆ. ವುಲ್ಫ್-ಪಾರ್ಕಿನ್ಸನ್-ವೈಟ್ ಎಂಬ ಲಯದೋಷಕ್ಕೆ ಅದೇ ಮೂಲ. ಹಿಸ್ ಕಟ್ಟಿನಿಂದ ಮುಂದೆ ಸಾಗುವ ದಾರಿಯ ಕೊನೆಯ ಕವಲುಗಳಾದ ಪರ್ಕಿಂಜೆ ತಂತುಗಳು ಹೃತ್ಕುಕ್ಷಿಯ ಒಳಗೋಡೆಯ ಸ್ನಾಯುಕೋಶಗಳಿಂದಲೇ ಆಗುತ್ತವೆ.

ಇನ್ನು ನಿಮ್ಮ ತಂಗಿಯ ಮಗುವಿನ ವಿಚಾರ. ರಚನೆ ಸರಿಯಿರುವ ಹೃದಯದಲ್ಲಿ ಗರ್ಭಸ್ಥ ಹಾರ್ಟ್ ಬ್ಲಾಕ್ ಕಂಡುಬಂದರೆ, ಬಹುತೇಕ ತಾಯಿಯ ರಕ್ತದಲ್ಲಿರುವ ಆಂಟಿ-ರೋ, ಆಂಟಿ-ಲಾ ಎಂಬ ಪ್ರತಿಕಾಯಗಳು (ಆಂಟಿಬಾಡಿಗಳು) ಅದಕ್ಕೆ ಕಾರಣವಾಗಿರುತ್ತವೆ. ಅವು ಮಾಸುವನ್ನು (ಪ್ಲಾಸೆಂಟಾ) ದಾಟಿ ಎವಿ ಗಂಟಿನಲ್ಲಿ ಉರಿಯೂತ ಉಂಟುಮಾಡಿ ಅಲ್ಲಿ ಗಾಯದ ಕಲೆ ಉಳಿಸುತ್ತವೆ. ಸಾಮಾನ್ಯವಾಗಿ ಇದು 18ರಿಂದ 24ನೆಯ ವಾರದೊಳಗೆ ಗೊತ್ತಾಗುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಾಂಶಗಳ ಮೇಲೆ ತಿರುಗಿಬೀಳುವ ಲೂಪಸ್ ಅಥವಾ ಶೋಗ್ರೆನ್ ಕಾಯಿಲೆಯ ಲಕ್ಷಣಗಳು ಒಂದೂ ಇಲ್ಲದ ತಾಯಂದಿರಲ್ಲೂ ಈ ಪ್ರತಿಕಾಯಗಳಿರಬಹುದು. ಆದ್ದರಿಂದ ಆಕೆ ಏನೋ ತಪ್ಪು ಮಾಡಿದಳೆಂದು ಯಾರೂ ಭಾವಿಸಬಾರದು, ದಯವಿಟ್ಟು ಆಕೆಗೂ ಇದನ್ನು ಬಿಡಿಸಿ ಹೇಳಿ. ಈ ಪ್ರತಿಕಾಯಗಳ ರಕ್ತಪರೀಕ್ಷೆ ಆಗಿದೆಯೇ, ಭ್ರೂಣದ ಎಕೋ ಪರೀಕ್ಷೆಯಲ್ಲಿ (ಹೃದಯದ ಅಲ್ಟ್ರಾಸೌಂಡ್) ತಡೆ ಪೂರ್ಣವೋ ಭಾಗಶಃವೋ, ಹೃದಯದ ರಚನೆ ಸರಿಯಿದೆಯೇ ಎಂಬುದನ್ನು ವೈದ್ಯರಲ್ಲಿ ಕೇಳಿ ತಿಳಿಯಿರಿ. ಪೂರ್ಣ ತಡೆ ಸಾಮಾನ್ಯವಾಗಿ ಮರಳಿ ಸರಿಹೋಗುವುದಿಲ್ಲ. ಆದರೂ ತಡೆಯ ಕೆಳಗಿನ ಅಂಗಾಂಶದಲ್ಲಿ ತಾವಾಗಿ ಮಿಡಿಯುವ ಹಳೆಯ ಗುಣ ಉಳಿದಿರುವುದರಿಂದ ಹೃತ್ಕುಕ್ಷಿಗಳು ತಮ್ಮದೇ ನಿಧಾನ ಲಯದಲ್ಲಿ ನಡೆಯುತ್ತಿರುತ್ತವೆ, ಹಾಗಾಗಿ ಆ ಲಯ ಎಷ್ಟಿದೆ, ಮಗುವಿನ ಮೈಯಲ್ಲಿ ನೀರು ತುಂಬುತ್ತಿದೆಯೇ ಎಂಬುದನ್ನು ಹೆರಿಗೆಯವರೆಗೂ ಮತ್ತೆ ಮತ್ತೆ ನೋಡುತ್ತಿರಬೇಕು. ಇಂಥ ಅನೇಕ ಮಕ್ಕಳಿಗೆ ಹುಟ್ಟಿದ ಬಳಿಕ ಪೇಸ್‌ಮೇಕರ್ ಬೇಕಾಗುತ್ತದೆ, ಆದ್ದರಿಂದ ಮಕ್ಕಳ ಹೃದ್ರೋಗ ತಜ್ಞರಿರುವ ಕಡೆಯೇ ಹೆರಿಗೆಯಾಗುವಂತೆ ಈಗಲೇ ಏರ್ಪಾಡು ಮಾಡಿಕೊಳ್ಳಿ.