ಹೂಂ ಅಂದಿದ್ದು ನಾನೇ, ಆದ್ರೂ ಯಾಕ ಇಷ್ಟು ನೋವು?

ಈ ಸಲ ಎರಡು ಪತ್ರ ತಗೊಂಡೀನಿ. ಇಬ್ರೂ 18 ದಾಟಿದವ್ರು, ಗುರ್ತು ಹತ್ತೋ ವಿವರ ಎಲ್ಲಾ ತೆಗ್ದೀನಿ. ಮೊದಲನೇದಕ್ಕ ಉತ್ತರ ಉದ್ದ ಆಗೈತಿ, ಆದ್ರೂ ಕಮ್ಮಿ ಮಾಡಾಕ ಮನಸ್ಸು ಬರ್ಲಿಲ್ಲ.

ಪ್ರಶ್ನೆ: ಮೇಡಂ, ನನಗ 22. ಊರು ಕೊಪ್ಪಳ ಕಡಿ, ಬಳ್ಳಾರ್ಯಾಗ ಪಿಜಿಯೊಳಗ ಇದ್ದು ಕೋಚಿಂಗ್‌ಗೆ ಹೋಗ್ತೀನಿ. ಕ್ಲಾಸಿನ ಹುಡುಗನ ಜೊತಿ ಎರಡು ಸಲ ಫಿಸಿಕಲ್ ಆಗೀವಿ. ಸೀರಿಯಸ್ ಏನಿಲ್ಲ ಅಂತ ಇಬ್ರೂ ಮೊದ್ಲೇ ಮಾತಾಡಿದ್ವಿ. ಮೊದಲ್ನೇ ಸಲ ನನಗೂ ಇಷ್ಟ ಇತ್ತು. ಎರಡನೇ ಸಲ ಮನಸ್ಸಿರ್ಲಿಲ್ಲ, ಇಲ್ಲ ಅಂದ್ರ ದೂರ ಆಗ್ತಾನೇನೋ ಅಂತ ಹೂಂ ಅಂದೆ. ಈಗ ಎರಡು ತಿಂಗಳಾತು. ಮೊನ್ನೆ ಒಗ್ಗರಣಿ-ಮಿರ್ಚಿ ಬಂಡಿ ಹತ್ರ ಫ್ರೆಂಡ್ಸ್ ಜೊತಿ ನಗ್ತಾ ನಿಂತಿದ್ದ, ನನ್ನ ನೋಡಿದ ಕೂಡ್ಲೇ ಮೊಬೈಲ್ ತೆಗೆದು ಆ ಕಡಿ ತಿರುಗಿದ. ಅವತ್ತಿಂದ ಓದಾಕ ಆಗವಲ್ದು. ಆಗ ಮೆಡಿಕಲ್ ಶಾಪಿಂದ ಮಾತ್ರೆ ತಂದು ನುಂಗಿದ್ದೆ, ಅದರಿಂದ ಮುಂದ ಮಕ್ಳಾಗಲ್ಲ ಅಂತ ರೂಮ್‌ಮೇಟ್ ಅಂತಾಳ. ಮುಟ್ಟು ಎರಡು ಸಲ ಬಂದೈತಿ, ಆದ್ರೂ ಹೆದ್ರಿಕಿ ಹೋಗಿಲ್ಲ. ಅಪ್ಪ ಫೋನ್ ಮಾಡಿದ್ರ ಅಳು ಬರ್ತೈತಿ. ಹೂಂ ಅಂದಾಕಿ ನಾನೇ ಅಲ್ರೀ, ನಾನು ಕೆಟ್ಟಾಕಿ ಆದ್ನಾ?

ಉತ್ತರ: ತಂಗೀ, ಕಡೀ ಸಾಲಿಗೆ ಮೊದ್ಲು ಹೇಳ್ತೀನಿ, ಇಲ್ಲ. ನೀ ಕೆಟ್ಟಾಕಿ ಆಗಿಲ್ಲ. ಇದು ಸುಮ್ನ ಸಮಾಧಾನಕ್ಕ ಹೇಳೋ ಮಾತಲ್ಲ, ನಿನ್ನ ಪತ್ರ ಮೂರು ಸಲ ಓದೀನಿ, ಅದ್ರಾಗ ನನಗ ಕಂಡಿದ್ದು ಹೆದ್ರಿಕಿ, ನೋವು, ನಾಚಿಕಿ ಎಲ್ಲಾ ಒಂದೇ ಗಂಟಾಗಿ ಕುಂತೈತಿ, ನೀ ಆ ಇಡೀ ಗಂಟಿಗೆ "ಪಾಪ" ಅಂತ ಹೆಸ್ರಿಟ್ಟೀದಿ.

ಹೆದ್ರಿಕಿ ಮೊದ್ಲು ಬಿಡಿಸೋಣ, ಯಾಕಂದ್ರ ಅದು ಟೆಸ್ಟ್‌ನಿಂದ ಹೋಗೋವಂಥದ್ದು. ಎರಡು ಸಲ ಮುಟ್ಟು ಸರಿಯಾಗಿ ಬಂದೈತಿ ಅಂದ್ರ ಬಸುರಿನ ಮಾತು ಬಹುತೇಕ ಮುಗೀತು. ಆದ್ರೂ ಮನಸ್ಸು ಒಪ್ಪವಲ್ದು ಅಂದ್ರ ಮೆಡಿಕಲ್ ಶಾಪಿನ್ಯಾಗ ಪ್ರೆಗ್ನೆನ್ಸಿ ಕಿಟ್ ಸಿಗ್ತೈತಿ, ಸೇರಿದ ಮೂರು ವಾರ ಆದ್ಮೇಲೆ ಅದರ ಉತ್ತರ ನಂಬಬಹುದು, ನಿಂಗ ಎರಡು ತಿಂಗಳೇ ಆಗೈತಿ. ಇನ್ನ ಬಸುರಾಗಬಾರದಂತ ನೀ ನುಂಗಿದ ಆ ಮಾತ್ರೆ. ಅದು ಲೆವೊನಾರ್ಜೆಸ್ಟ್ರೆಲ್ ಅನ್ನೋ ಹಾರ್ಮೋನು, 1.5 ಮಿಲಿಗ್ರಾಂ, ಸೇರಿದ 72 ಗಂಟೆ ಒಳಗ ತಗೋಬೇಕು, ಎಷ್ಟು ಬೇಗ ಅಷ್ಟು ಚಲೋ. ಅಂಡಾಣು ಬಿಡುಗಡೆ ಆಗೋದನ್ನ ಮುಂದಕ್ಕ ಹಾಕ್ತೈತಿ, ಅಷ್ಟ. ಅದು ಗರ್ಭ ತೆಗಿಯೋ ಮಾತ್ರೆ ಅಲ್ಲ, ಮುಂದ ಮಕ್ಳಾಗೋದಕ್ಕೂ ಅಡ್ಡಿ ಇಲ್ಲ. ಆ ತಿಂಗಳ ಮುಟ್ಟು ಸ್ವಲ್ಪ ಹಿಂದ ಮುಂದ ಆಗಬಹುದು. ನಿನ್ನ ರೂಮ್‌ಮೇಟ್‌ಗೂ ಹೇಳು, ಅಕೀಗೂ ಯಾವತ್ತರ ಬೇಕಾಗಬಹುದು. ಆದ್ರ ಮಾತ್ರೆ ರೋಗ ತಡಿಯಂಗಿಲ್ಲ. ಕಾಂಡೋಮ್ ಇರ್ಲಿಲ್ಲ ಅಂದ್ರ ಸರ್ಕಾರಿ ದವಾಖಾನಿ ಐಸಿಟಿಸಿ ರೂಮಿಗೆ ಹೋಗು, ಎಚ್‌ಐವಿ ಟೆಸ್ಟ್ ಫ್ರೀ, ಮೊದ್ಲು ಕೌನ್ಸೆಲರ್ ಕುಂದ್ರಿಸಿ ಮಾತಾಡ್ತಾರ. ರಿಪೋರ್ಟ್ ಗುಟ್ಟಾಗಿ ಇಡಬೇಕು ಅಂತ 2017ರ ಕಾಯ್ದೇನೇ ಐತಿ. ಈಗೊಮ್ಮೆ ಮಾಡ್ಸು, ಮೂರು ತಿಂಗಳು ತುಂಬಿದ ಮ್ಯಾಲ ಇನ್ನೊಮ್ಮೆ. ಹೋಗಾಕ ಅಂಜಿಕಿ ಅಂದ್ರ ಮೊದ್ಲು ಎಚ್‌ಐವಿ ಸಹಾಯವಾಣಿ 1097ಕ್ಕ ಫೋನ್ ಹಚ್ಚಿ ಕೇಳು.

ಈಗ ಆ ಎರಡನೇ ಸಲದ ವಿಷ್ಯ. ನನಗ ಇಡೀ ಪತ್ರದಾಗ ಇದೇ ಮುಖ್ಯ ಅನ್ನಿಸ್ತು. ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿ ಕಾಲೇಜು ಹುಡುಗ-ಹುಡುಗಿಯರ ಮ್ಯಾಲ ಒಂದು ವರ್ಷದ ಅಧ್ಯಯನ ಮಾಡಿದ್ರು, 528 ಮಂದಿ, 2015ರಾಗ ಪ್ರಕಟ ಆತು. ಇಂಥ ಸಂಬಂಧಕ್ಕ ಹೋಗಿದ್ದು ಯಾಕ ಅಂತ ಕೇಳಿದ್ರು. ತಮಗ ಬೇಕು ಅನ್ನಿಸಿ ಹೋದವ್ರ ಮನಸ್ಸಿನ ಆರೋಗ್ಯದಾಗ ಹೋಗದೇ ಇದ್ದವ್ರಿಗಿಂತ ಅಂಥ ಫರಕ್ ಏನೂ ಕಾಣ್ಲಿಲ್ಲ. ಆದ್ರ ಒತ್ತಾಯಕ್ಕ, ಕುಡಿದ ಮತ್ತಿನ್ಯಾಗ, ಇದರಿಂದಾದ್ರೂ ಪ್ರೀತಿ ಹುಟ್ಟೀತು ಅನ್ನೋ ಆಸಿಗೆ, ಇಂಥ ಕಾರಣಕ್ಕ ಹೋದವ್ರಲ್ಲಿ ಆತ್ಮವಿಶ್ವಾಸ ಕಮ್ಮಿ, ಕುಗ್ಗಿದ ಮನಸ್ಸು, ಆತಂಕ ಜಾಸ್ತಿ ಕಂಡ್ವು. ಅಲ್ಲೀದು ಅಲ್ಲೀದು, ಅಲ್ಲಿ ಊರು ಬ್ಯಾರೆ ಮನೆತನ ಬ್ಯಾರೆ, ಆದ್ರೂ ನನ್ನ ಎದುರಿಗೆ ಬಂದು ಕುಂದ್ರೋ ಹುಡುಗಿಯರ ಬಾಯಾಗ ನಾ ಕೇಳೋದೂ ಇದನ್ನೇ. ನಿನ್ನ ಮೊದಲ್ನೇ ಹೂಂ ಆಸಿಯಿಂದ ಬಂದಿತ್ತು, ಎರಡನೇದು ಹೆದ್ರಿಕಿಯಿಂದ. ಶಬ್ದ ಒಂದೇ, ಮನಸ್ಸಿಗೆ ಮಾತ್ರ ಅದು ಒಂದಲ್ಲ. ನಿನ್ನ ಒಳಗ ನೋಯಾಕತ್ತಿರೋದು ಆ ಎರಡನೇ ಹೂಂ. ಒಂದು ಕೇಳ್ತೀನಿ, ಉತ್ತರ ನನಗ ಬರೀಬ್ಯಾಡ, ನಿನ್ನೊಳಗ ಹೇಳ್ಕೋ. ಅವತ್ತು ನೀ ಬ್ಯಾಡ ಅಂದಿ, ಆಮ್ಯಾಲ ಅವ ಕೇಳ್ಲಿಲ್ಲ, ಹಂಗೇನಾದ್ರೂ ಆಗಿತ್ತಾ? ಹಂಗಾಗಿದ್ರ ಅದಕ್ಕ ಕ್ಯಾಶುಯಲ್ ಅನ್ನೋ ಹೆಸ್ರು ಹತ್ತಂಗಿಲ್ಲ, ತಪ್ಪು ಪೂರ್ತಿ ಅವಂದು. ಮಹಿಳಾ ಸಹಾಯವಾಣಿ 181ಕ್ಕ ಫೋನ್ ಮಾಡು, ಸಖಿ ಸೆಂಟರ್‌ನ್ಯಾಗ ಡಾಕ್ಟ್ರು, ವಕೀಲರು, ಕೌನ್ಸೆಲರ್ ಎಲ್ಲಾರ ಸಹಾಯ ಒಂದೇ ಕಡಿ ಸಿಗ್ತೈತಿ.

ಆ ಮಿರ್ಚಿ ಬಂಡಿ ಹತ್ರ ಆಗಿದ್ದು ಬ್ಯಾರೆ ನೋವು. ಸೀರಿಯಸ್ ಇಲ್ಲ ಅಂತ ಮಾತಾಡ್ಕೊಂಡಿದ್ವಲ್ಲ, ಮತ್ಯಾಕ ನೋವು ಅಂತ ನಿನ್ನ ಮ್ಯಾಲ ನೀನೇ ಸಿಟ್ಟು ಮಾಡ್ಕೊಂಡೀದಿ. ಸೀರಿಯಸ್ ಇಲ್ಲ ಅಂದ್ರ ಮದುವಿ ಮಾತಿಲ್ಲ ಅಂತ, ಎದುರಿಗೆ ಸಿಕ್ಕಾಗ ಮಾರಿ ತಿರುಗ್ಸಬೇಕು ಅಂತಲ್ಲ. ಗುರ್ತಿದ್ದವ್ರಿಗೆ ಚಾ ಆತಾ ಅಂತ ಕೇಳ್ತೀವಿ, ಅಷ್ಟು ಮರ್ಯಾದಿ ನಿಂಗೂ ಸಲ್ಲಬೇಕಿತ್ತು. ಕ್ಲಾಸಿನ್ಯಾಗ ದಿನಾ ಸಿಗ್ತಾನ ಅಂದ್ರ ಒಂದೇ ಸಲ ನೇರ ಹೇಳು, "ನೋಡು, ಸಿಕ್ಕಾಗ ಮಾತಾಡು ಇಲ್ಲಾ ಬಿಡು, ಮಾರಿ ತಿರುಗ್ಸೋದು ಬ್ಯಾಡ." ಹಂಗ ಹೇಳಾಕ ಆಗಂಗಿಲ್ಲ ಅಂದ್ರ ಸೀಟು ಬದ್ಲಿಸು, ಸ್ಟೇಟಸ್ ಮ್ಯೂಟ್ ಮಾಡು. ರಾತ್ರಿ ಹನ್ನೆರಡಕ್ಕ ಅವನ ಲಾಸ್ಟ್ ಸೀನ್ ನೋಡೋದು ಮಾತ್ರ ಇವತ್ತೇ ನಿಲ್ಸು. ಪತ್ರದಾಗ ನೀ ಬರ್ದಿಲ್ಲ, ಆದ್ರ ನೋಡ್ತಿ ಅಂತ ನನಗ ಗೊತ್ತು. ಮೊನ್ನೆ ಒಬ್ಬಾಕಿ ಬಂದಿದ್ಲು, ಒಂದು ತಾಸಿನ್ಯಾಗ ಹದಿನಾಲ್ಕು ಸಲ ಫೋನ್ ಬೋರಲ ಹಾಕಿ ಮತ್ತ ಎತ್ತಿ ನೋಡಿದ್ಲು, ನಾನೇ ಎಣಿಸೀನಿ, ಪ್ರತಿ ಸಲ ಅಕಿ ಭುಜ ಅಷ್ಟಷ್ಟು ಕೆಳಗ ಇಳೀತಿತ್ತು.

ಅಪ್ಪನ ಫೋನ್ ಬಂದಾಗ ಬರೋ ಅಳು, ಅದು ನಾಚಿಕಿ. ಆ ಕೆಲಸ ಮಾಡಬಾರದಿತ್ತು ಅನ್ನೋದು ಪಶ್ಚಾತ್ತಾಪ, ಅದು ನಾಕು ದಿನ ಇದ್ದು ಏನರ ಕಲಿಸಿ ಹೋಗ್ತೈತಿ. ನಾನೇ ಹೊಲಸು ಅನ್ನೋದು ನಾಚಿಕಿ, ಅದು ಏನೂ ಕಲಿಸಂಗಿಲ್ಲ, ಬರೇ ತಿಂತೈತಿ. ನಮ್ಮ ಕಡಿ ಇದನ್ನ ಹುಡುಗಿ ತಲಿ ಮ್ಯಾಲೇ ಹೊರಿಸ್ತಾರ, ಹುಡುಗ ಬಂಡಿ ಮುಂದ ನಗ್ತಾ ನಿಂತಿರ್ತಾನ. ಇದು ನ್ಯಾಯ ಅಲ್ಲ, ನೀ ಇದನ್ನ ಒಪ್ಪಬ್ಯಾಡ. ಅಪ್ಪಗ ಎಲ್ಲಾ ಹೇಳಬೇಕಂತೇನಿಲ್ಲ, ಹೇಳ್ಲಿಲ್ಲ ಅಂದ್ರ ಮೋಸಾನೂ ಅಲ್ಲ. ಆದ್ರ ಒಬ್ಬರಿಗಾದ್ರೂ ಹೇಳು, ಬಾಯಿ ಗಟ್ಟಿ ಇರೋ ಗೆಳತಿ, ದೊಡ್ಡಮ್ಮನ ಮಗಳು, ಯಾರರ ಆಗ್ಲಿ. ಎರಡು ತಿಂಗಳು ಒಬ್ಬಾಕೀನೇ ಹೊತ್ಕೊಂಡು ತಿರುಗಿದ್ದಕ್ಕ ಇದು ಇಷ್ಟು ಭಾರ ಆಗೈತಿ.

ಎರಡು ವಾರದ ಮ್ಯಾಲಾತು ನಿದ್ದಿ ಇಲ್ಲ, ಊಟ ಸೇರವಲ್ದು, ಯಾವುದ್ರಾಗೂ ಮನಸ್ಸಿಲ್ಲ ಅಂದ್ರ ದೊಡ್ಡಾಸ್ಪತ್ರಿ ಮಾನಸಿಕ ವಿಭಾಗಕ್ಕ ಹೋಗು. ನಿಂಗೊಂದು ವಿಷ್ಯ ಗೊತ್ತಿರ್ಲಿ, ಇವತ್ತು ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತೇನೈತಿ, ಅದರ ಮಾದರಿ ಹುಟ್ಟಿದ್ದು ನೀ ಇರೋ ಬಳ್ಳಾರ್ಯಾಗೇ, 1985ರಿಂದ ನಿಮ್ಹಾನ್ಸ್‌ನವ್ರು ಇಲ್ಲಿ ಮಾಡಿ ತೋರಿಸಿದ್ರು, ಅದನ್ನ ನೋಡೇ 1996ರಾಗ ಬ್ಯಾರೆ ಜಿಲ್ಲಾಕ್ಕ ಹೋತು. ಹಂಗಾಗಿ ಈ ಊರಾಗ ಮನಸ್ಸಿಗೆ ಔಷಧ ಕೇಳಾಕ ಯಾರೂ ನಾಚಬೇಕಾಗಿಲ್ಲ. ಸಾಯೋ ವಿಚಾರ ಒಂದು ಸಲ ಬಂದ್ರೂ ಅದೇ ಗಳಿಗಿಗೆ 14416ಕ್ಕ ಫೋನ್ ಹಚ್ಚು, ಟೆಲಿ ಮನಸ್ ಅಂತ, ಹಗಲು ರಾತ್ರಿ ಇರ್ತೈತಿ, ಕನ್ನಡದಾಗ ಮಾತಾಡ್ತಾರ, ದುಡ್ಡಿಲ್ಲ.

ಪ್ರಶ್ನೆ: ಮೇಡಂ, ವಯಸ್ಸು 25, ರಾಯಚೂರಾಗ ಕೆಲ್ಸ, ಊರು ಸಿಂಧನೂರು ಕಡಿ. ಆ್ಯಪ್‌ದಾಗ ಪರಿಚಯ ಆಗಿ ಒಂದು ವರ್ಷದಾಗ ನಾಕೈದು ಮಂದಿ ಜೊತಿ ಸೇರೀನಿ. ಯಾರಿಗೂ ಸುಳ್ಳು ಹೇಳಿಲ್ಲ. ಆದ್ರ ಮುಗಿದ ಮ್ಯಾಲ ಎದಿ ಖಾಲಿ ಆದಂಗ ಅನ್ನಿಸ್ತದ, ಕಣ್ಣಾಗ ನೀರು ಬರ್ತಾವ. ಬಸ್ ಸ್ಟ್ಯಾಂಡ್ ಹತ್ರ ಪೋಸ್ಟರ್ ನೋಡಿ ಒಬ್ಬರ ಕಡಿ ಹೋದೆ, ಧಾತು ಹೋಗಿ ವೀಕ್‌ನೆಸ್ ಆಗ್ಯದ ಅಂತ ಆರು ಸಾವಿರದ ಪುಡಿ ಕೊಟ್ರು. ಅವ್ವನ ಜೊತಿ ಮಾತಾಡೋದೂ ಕಮ್ಮಿ ಮಾಡೀನಿ, ಯಾಕೋ ಮುಜುಗರ.

ಉತ್ತರ: ತಮ್ಮಾ, ಆ ಪುಡಿ ಚೆಲ್ಲು. ವೀರ್ಯ ಹೋದ್ರ ಶಕ್ತಿ ಹೋಗಂಗಿಲ್ಲ, ಮೈಯಾಗ ಅದು ದಿನಾ ತಯಾರಾಗ್ತಾನೇ ಇರ್ತೈತಿ. ಈ ಹೆದ್ರಿಕಿ ನಮ್ಮ ದೇಶದಾಗ ಎಷ್ಟು ಐತಿ ಅಂದ್ರ, 1960ರಾಗ ಡಾ. ಎನ್.ಎನ್. ವಿಗ್ ಅನ್ನೋ ಮನೋವೈದ್ಯರು ಇದಕ್ಕ ಧಾತ್ ಸಿಂಡ್ರೋಮ್ ಅಂತ ಹೆಸ್ರೇ ಕೊಟ್ರು. ಗೋಡಿ ಮ್ಯಾಲಿನ ಗುಪ್ತರೋಗದ ಪೋಸ್ಟರ್ ಬದುಕಿರೋದೇ ಈ ಹೆದ್ರಿಕಿ ಮ್ಯಾಲ.

ಆಮ್ಯಾಲ ಬರೋ ಅಳು ನಿಂಗೊಬ್ಬನಿಗೇ ಅಲ್ಲ. ಆಸ್ಟ್ರೇಲಿಯಾದ ಸಂಶೋಧಕರು 1,208 ಗಂಡಸರನ್ನ ಕೇಳಿದ್ರ ಶೇ. 41 ಮಂದಿ ಜೀವನದಾಗ ಒಮ್ಮೆಯಾದ್ರೂ ಹಂಗ ಆಗೈತಿ ಅಂದ್ರು, ಅದ್ರಾಗ ಪ್ರೀತಿಸಿದವ್ರ ಜೊತಿ ಇದ್ದವ್ರೂ ಇದ್ರು. ಗಂಡಸು ಅಳಬಾರದು ಅಂತ ಯಾರೂ ಹೇಳ್ಕೊಳ್ಳಂಗಿಲ್ಲ, ಅಷ್ಟ. ಆದ್ರ ನಿಂಗ ಪ್ರತಿ ಸಲ ಬರಾಕತ್ತೈತಿ ಅಂದ್ರ ಒಂದು ಗಮನಿಸು, ನೀ ಆ ಆ್ಯಪ್ ತೆಗಿಯೋದು ಯಾವಾಗ? ನನ್ನ ಅನುಭವದಾಗ ನಿನ್ನ ವಯಸ್ಸಿನ ಹುಡುಗ್ರು ಅದನ್ನ ತೆಗಿಯೋದು ಕಾಮ ಬಂದಾಗ ಕಮ್ಮಿ, ರೂಮಿಗೆ ಬಂದು ಒಬ್ರೇ ಕುಂತಾಗ ಜಾಸ್ತಿ. ಬೇಕಾಗಿರೋದು ಮಾತಾಡೋ ಮನುಷ್ಯ, ಸಿಗೋದು ಒಂದು ತಾಸು. ಒಂದು ತಿಂಗಳು ಆ್ಯಪ್ ಡಿಲೀಟ್ ಮಾಡಿ ನೋಡು, ಶಿಕ್ಷೆ ಅಂತಲ್ಲ, ಒಳಗ ಏನೈತಿ ಅಂತ ತಿಳಿಯಾಕ. ಐಸಿಟಿಸಿ ಮಾತು ಮ್ಯಾಲ ಹೇಳೀನಲ್ಲ, ಅದು ನಿಂಗೂ ಹೌದು.

ಮತ್ತ ಇವತ್ತು ರಾತ್ರಿ ಅವ್ವಗ ಫೋನ್ ಮಾಡು. ಏನೂ ಹೇಳಬ್ಯಾಡ. ಏನು ಅಡಗಿ ಮಾಡೀದಿ ಬೇ ಅಂತ ಕೇಳು, ಅಕಿ ಹೇಳ್ಲಿ.